ಪಕ್ಕದ ಸೈಟ್‌ನಲ್ಲಿ ಕಟ್ಟಡದ ಕಸ ಸುಡ್ತಾರೆ, ಯಾರಿಗೆ ಹೇಳೋದು?

ಓದುಗರ ಪ್ರಶ್ನೆ: ನಮ್ಮ ಪಕ್ಕದ ಮೂವತ್ತು-ನಲವತ್ತರ ಸೈಟ್‌ನಲ್ಲಿ ಹಳೇ ಮನೆ ಕೆಡವಿ ಹೊಸದು ಕಟ್ತಿದ್ದಾರೆ. ಸಂಜೆ ಆರೂವರೆ ಆದರೆ ಸಾಕು, ಸಿಮೆಂಟ್ ಚೀಲ, ಪೈಪ್ ತುಂಡು, ಹಳೇ ವೈರ್ ಎಲ್ಲಾ ಗುಡ್ಡೆ ಹಾಕಿ ಬೆಂಕಿ ಇಡ್ತಾರೆ. ಮಗಳಿಗೆ ಉಬ್ಬಸ ಇದೆ. ಕೇಳಿದರೆ ‘ನಮ್ಮ ಜಾಗದಲ್ಲಿ ನಾವು ಸುಡ್ತೀವಿ, ನಿಮಗೇನು’ ಅಂತಾರೆ. ಏನು ಮಾಡಬೇಕು?
(ಬನಶಂಕರಿ ಆರನೇ ಹಂತದ ಓದುಗರೊಬ್ಬರು)

ಮೊದಲು ಅವರ ಮಾತಿಗೇ ಬರೋಣ. ಜಾಗ ಅವರದೇ ಇರಬಹುದು, ಆದರೆ ಅಲ್ಲಿ ಕಸ ಸುಡುವ ಹಕ್ಕು ಅವರಿಗಿಲ್ಲ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು ಕಸದ ವಿಚಾರಕ್ಕೆ 1996ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ದರು. ಆ ಕೇಸು ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2016ರ ಡಿಸೆಂಬರ್ 22ರಂದು ತೀರ್ಪು ಬಂತು. ಬಯಲಲ್ಲಿ ಕಸ ಸುಡುವುದನ್ನು ಇಡೀ ದೇಶದಲ್ಲಿ ನಿಷೇಧಿಸಿತು. ಸಣ್ಣ ಪ್ರಮಾಣದಲ್ಲಿ ಸುಟ್ಟರೆ 5,000 ರೂಪಾಯಿ, ರಾಶಿ ಹಾಕಿ ಸುಟ್ಟರೆ 25,000 ರೂಪಾಯಿ ದಂಡ ಎಂದಿತು. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ. ಮಾತಾಡುವಾಗ ಕೆಲಸಕ್ಕೆ ಬರುತ್ತವೆ.

ಒಣಗಿದ ಎಲೆ ಸುಟ್ಟ ಹೊಗೆಯೂ ಒಳ್ಳೆಯದಲ್ಲ. ಆದರೆ ಕಟ್ಟಡದ ಕಸದ ಹೊಗೆ ಅದಕ್ಕಿಂತ ತುಂಬಾ ಕೆಟ್ಟದ್ದು. ಎರಡು ವರ್ಷದ ಹಿಂದೆ ನಮ್ಮ ಬೀದಿಯಲ್ಲೂ ಹೀಗೇ ಆಗಿತ್ತು. ನಾನು ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಕೆಳಗಿನ ಬೆಂಕಿಯ ಅಂಚು ಹಸಿರಾಗಿ ಕಾಣಿಸಿತು. ಚಂದ ಇದೆಯಲ್ಲ ಅನ್ನಿಸುವಷ್ಟರಲ್ಲಿ ಗಂಟಲು ಉರಿಯಿತು. ಒಣಗಿದ ಬಿಳಿ ಪಂಚೆಯ ಮೇಲೆ ಕಪ್ಪು ಎಳೆಗಳು ಬಂದು ಕೂತಿದ್ದವು. ಕೊಡವಿದರೆ ಹೋಗಲಿಲ್ಲ, ಉಜ್ಜಿದರೆ ಮಸಿಯ ಗೆರೆ ಎಳೆದ ಹಾಗೆ ಹರಡಿತು. ಅವರು ಸುಡುತ್ತಿದ್ದದ್ದು ಹಳೇ ಮನೆಯ ವೈರ್. ಆ ಹಸಿರು ತಾಮ್ರದ ಬಣ್ಣ.

ವೈರ್ ಮೇಲಿನ ಹೊದಿಕೆ, ನೀರಿನ ಪೈಪು, ಎರಡೂ ಸಾಮಾನ್ಯವಾಗಿ ಪಿವಿಸಿ. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್. ಸುಟ್ಟಾಗ ಅದು ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಗೆ ಬರುತ್ತದೆ, ಮೂಗು-ಗಂಟಲಿನ ತೇವ ಸೇರಿದರೆ ಆಸಿಡ್ ಆಗುತ್ತದೆ. ಉಬ್ಬಸ ಇರುವ ಮಗುವಿಗೆ ಅಷ್ಟೇ ಸಾಕು. ಇದರ ಜೊತೆಗೆ ಡಯಾಕ್ಸಿನ್ ಅನ್ನುವ ವಿಷವೂ ಹುಟ್ಟುತ್ತದೆ. ತಾಮ್ರ ಜೊತೆಗಿದ್ದರೆ ಅದು ಇನ್ನೂ ಸುಲಭವಾಗಿ ಹುಟ್ಟುತ್ತದೆ. ಪ್ಲೈವುಡ್ಡಿನ ಅಂಟು, ಹಳೇ ಬಾಗಿಲ ಪೇಂಟು, ಥರ್ಮೋಕೋಲ್, ಒಂದೊಂದರದ್ದೂ ಒಂದೊಂದು ವಿಷ. ಚಳಿಗಾಲದಲ್ಲಿ ಇದು ಜಾಸ್ತಿ ಕಾಡುತ್ತದೆ. ಸಂಜೆ ನೆಲ ಬೇಗ ತಣ್ಣಗಾಗಿ, ಹೊಗೆ ಮೇಲಕ್ಕೆ ಏರದೆ ನಮ್ಮ ಕಿಟಕಿ ಮಟ್ಟದಲ್ಲೇ ನಿಂತುಬಿಡುತ್ತದೆ.

ಹಾಗಾದರೆ ಯಾರ ಹತ್ತಿರ ಮಾತಾಡಬೇಕು? ಇಲ್ಲೇ ನಮ್ಮಲ್ಲಿ ತುಂಬಾ ಜನ ತಪ್ಪುವುದು. ಕಡ್ಡಿ ಗೀರಿದವನ ಮೇಲೆ ಕೂಗಾಡಿ ಬರುತ್ತೇವೆ. ಅವನು ರಾಯಚೂರಿನಿಂದಲೋ ಯಾದಗಿರಿಯಿಂದಲೋ ದುಡಿಯಲು ಬಂದವನು, ಅದೇ ಸೈಟಿನ ಶೆಡ್ಡಿನಲ್ಲಿ ಹೆಂಡತಿ ಮಕ್ಕಳ ಜೊತೆ ಮಲಗುವವನು. ಆ ಹೊಗೆಯನ್ನು ನಮಗಿಂತ ಮೊದಲು ಕುಡಿಯುವವರು ಅವರೇ. ಮೇಸ್ತ್ರಿ ‘ಸಂಜೆಯೊಳಗೆ ಜಾಗ ಕ್ಲೀನ್ ಆಗಬೇಕು’ ಅಂದಿರುತ್ತಾನೆ, ಕಸ ಸಾಗಿಸಲು ಟೆಂಪೋ ಕಳಿಸಿರುವುದಿಲ್ಲ. ಮನೆಯ ಕಸ ಒಯ್ಯುವ ಆಟೋ ಟಿಪ್ಪರ್ ಕಟ್ಟಡದ ಕಸ ಮುಟ್ಟುವುದಿಲ್ಲ. ಇನ್ನು ವೈರ್ ಸುಡುವುದಕ್ಕೆ ಕಾರಣವೇ ಬೇರೆ. ಸಿಪ್ಪೆ ಇರುವ ವೈರ್‌ಗಿಂತ ಬರೀ ತಾಮ್ರಕ್ಕೆ ಗುಜರಿಯಲ್ಲಿ ಬೆಲೆ ಜಾಸ್ತಿ.

ಆದ್ದರಿಂದ ಮಾತು ಓನರ್ ಜೊತೆ, ಇಲ್ಲವೇ ಕಾಂಟ್ರಾಕ್ಟರ್ ಜೊತೆ ಆಗಬೇಕು. ಹೊಗೆ ಏಳುತ್ತಿರುವಾಗ, ಸಿಟ್ಟು ನೆತ್ತಿಗೇರಿರುವಾಗ ಬೇಡ. ಬೆಳಿಗ್ಗೆ ಹೋಗಿ. ಪಕ್ಕದ ಇನ್ನೊಬ್ಬರನ್ನೂ ಕರೆದುಕೊಂಡು ಹೋಗಿ. ‘ಮಗಳಿಗೆ ಉಬ್ಬಸ, ರಾತ್ರಿ ನೆಬ್ಯುಲೈಸರ್ ಹಾಕಬೇಕಾಯ್ತು’ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಆಮೇಲೆ ದಾರಿಯನ್ನೂ ನೀವೇ ತೋರಿಸಿ. ವೈರು, ಪೈಪು ಸುಡದೆ ಹಾಗೇ ಗುಜರಿಗೆ ಕೊಡಬಹುದು. ಖಾಲಿ ಸಿಮೆಂಟ್ ಚೀಲ ಕೊಳ್ಳುವವರಿದ್ದಾರೆ. ಇಟ್ಟಿಗೆ-ಗಾರೆ ತುಂಡುಗಳನ್ನು ಪುಡಿ ಮಾಡಿ ಮತ್ತೆ ಬಳಸುವ ಘಟಕ ಚಿಕ್ಕಜಾಲದ ಕಡೆ ಇದೆ. ಕಟ್ಟಡದ ಕಸವನ್ನು ಬೇರೆ ಮಾಡಿ ಸರಿಯಾದ ಜಾಗಕ್ಕೆ ತಲುಪಿಸುವುದು ಕಟ್ಟುವವರ ಹೊಣೆ ಅಂತ ಕೇಂದ್ರ ಸರ್ಕಾರ 2016ರಲ್ಲೇ ನಿಯಮ ಮಾಡಿತ್ತು. ಮನೆ ಕಟ್ಟುವ ಖರ್ಚಿನ ಮುಂದೆ ಎರಡು ಟೆಂಪೋ ಬಾಡಿಗೆ ಏನು ದೊಡ್ಡದು ಅಲ್ವಾ?

ನಮ್ಮ ಬೀದಿಯಲ್ಲಿ ಈ ಮಾತಿಗೇ ಅರ್ಧ ಕೆಲಸ ಆಯಿತು. ಓನರ್ ದೂರದಲ್ಲಿದ್ದರು, ಸುಡುತ್ತಿರುವುದೇ ಅವರಿಗೆ ಗೊತ್ತಿರಲಿಲ್ಲ. ಫೋಟೋ ನೋಡಿ ಅವರೇ ಕಾಂಟ್ರಾಕ್ಟರ್‌ಗೆ ಫೋನ್ ಮಾಡಿದರು. ಒಂದು ವಾರ ನಿಂತು ಮತ್ತೆ ಶುರುವಾಯಿತು ಅನ್ನುವುದೂ ನಿಜ. ಆಗ ದೂರು ಕೊಟ್ಟೆವು.

ದೂರಿನಲ್ಲಿ ‘ಪಕ್ಕದವರು ತೊಂದರೆ ಕೊಡ್ತಾರೆ’ ಅಂತ ಬರೆದರೆ ಅದು ನೆರೆಹೊರೆ ಜಗಳ ಆಗುತ್ತದೆ, ಮೂಲೆ ಸೇರುತ್ತದೆ. ತಾರೀಖು, ಗಂಟೆ, ಸೈಟ್ ನಂಬರ್, ಎಷ್ಟನೇ ಕ್ರಾಸ್, ಏನು ಸುಟ್ಟರು, ಇಷ್ಟು ಬರೆಯಿರಿ. ಸೈಟ್ ಮುಂದೆ ಬೋರ್ಡ್ ಇದ್ದರೆ ಲೈಸೆನ್ಸ್ ನಂಬರ್ ಸೇರಿಸಿ. ಬೆಂಕಿ ಹಚ್ಚುವ ಮೊದಲಿನ ಗುಡ್ಡೆಯ ಫೋಟೋ ಒಂದು ಇರಲೇಬೇಕು. ಉರಿಯುವಾಗ ತೆಗೆದದ್ದರಲ್ಲಿ ಬರೀ ಹೊಗೆ ಕಾಣುತ್ತದೆ, ಪೈಪೋ ಸೌದೆಯೋ ಗೊತ್ತಾಗುವುದಿಲ್ಲ. ಎಲ್ಲವನ್ನೂ ನಿಮ್ಮ ತಾರಸಿಯಿಂದಲೇ ತೆಗೆಯಿರಿ. ಕೂಲಿಯವರ ಮಕ್ಕಳ ಮುಖ ಬೀಳದಂತೆ ನೋಡಿಕೊಳ್ಳಿ.

ಕೊಡುವುದೆಲ್ಲಿ? 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ, ನಿಮ್ಮ ಏರಿಯಾ ಯಾವುದಕ್ಕೆ ಸೇರಿತು ನೋಡಿಕೊಳ್ಳಿ. 1533ಕ್ಕೆ ಫೋನ್ ಮಾಡಿ ದೂರಿನ ನಂಬರ್ ತೆಗೆದುಕೊಳ್ಳಿ. ನಂಬರ್ ಇಲ್ಲದ ದೂರು ಕೊಟ್ಟರೂ ಕೊಡದಿದ್ದ ಹಾಗೇ. ಅದೇ ಕಾಗದದ ಪ್ರತಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಕಳಿಸಿ. ಬೆಂಕಿ ಮರಕ್ಕೋ ಕರೆಂಟ್ ತಂತಿಗೋ ತಗಲುವಂತಿದ್ದರೆ ಇದ್ಯಾವುದಕ್ಕೂ ಕಾಯಬೇಡಿ, 112 ಒತ್ತಿ.

ಪೊಲೀಸರು ‘ಇದು ಪಾಲಿಕೆ ಕೆಲಸ’ ಅಂದರೆ ವಾದ ಮಾಡುತ್ತಾ ನಿಲ್ಲಬೇಡಿ, ಲಿಖಿತ ದೂರು ಕೊಡಿ. ಭಾರತೀಯ ನ್ಯಾಯ ಸಂಹಿತೆಯ 280ನೇ ಸೆಕ್ಷನ್ ಗಾಳಿ ಕೆಡಿಸುವುದನ್ನು, 287ನೇ ಸೆಕ್ಷನ್ ಬೆಂಕಿಯ ವಿಷಯದಲ್ಲಿ ಅಜಾಗ್ರತೆಯನ್ನು ಅಪರಾಧ ಅನ್ನುತ್ತವೆ. 280ರಲ್ಲಿ ದಂಡ ಹೆಚ್ಚೆಂದರೆ 1,000 ರೂಪಾಯಿ, ಅದನ್ನೇ ನೆಚ್ಚಿಕೊಳ್ಳಬೇಡಿ. ತಿಂಗಳುಗಟ್ಟಲೆ ನಿಲ್ಲದಿದ್ದರೆ ಇನ್ನೊಂದು ಗಟ್ಟಿ ದಾರಿ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕರಿಗೆ ತೊಂದರೆ ಆಗುವುದನ್ನು ನಿಲ್ಲಿಸಿ ಎಂದು ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದು. ಬೀದಿಯ ಐದಾರು ಮನೆಯವರು ಸಹಿ ಹಾಕಿದ ಅರ್ಜಿ ಇದ್ದರೆ ಇದು ಒಬ್ಬರ ಕಿರಿಕಿರಿ ಅಲ್ಲ, ಎಲ್ಲರ ತೊಂದರೆ ಅಂತ ತೋರಿಸುವುದು ಸುಲಭ. ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಒಂದು ಮನೆ ಕಟ್ಟುವ ಜಾಗದ ವಿಚಾರಕ್ಕೆ ಅಲ್ಲಿಯವರೆಗೆ ಹೋಗುವುದು ಅಪರೂಪ.

ಒಂದು ಮಾತು ಮರೆಯಬೇಡಿ. ಶೆಡ್ಡಿನ ಮುಂದೆ ಮೂರು ಕಲ್ಲಿಟ್ಟು ಸೌದೆಯಲ್ಲಿ ಅನ್ನ ಬೇಯಿಸುವುದು ಕಸ ಸುಡುವುದಲ್ಲ. ಅದರ ಫೋಟೋ ದೂರಿಗೆ ಸೇರಿಸಬೇಡಿ. ಪ್ಲೈವುಡ್ ಚೂರು, ಪೇಂಟ್ ಹಚ್ಚಿದ ಮರ ಒಲೆಗೆ ಹಾಕಬೇಡಿ ಅಂತ ಮಾತ್ರ ಆ ಹೆಣ್ಣುಮಗಳಿಗೆ ಹೇಳಿ. ಅವಳ ಮಗುವೂ ಅಲ್ಲೇ ಆಡುತ್ತಿರುತ್ತದೆ.

ಇವತ್ತು ಸಂಜೆ ಮತ್ತೆ ಹಚ್ಚಿದರೆ ಮಗಳನ್ನು ಹೊಗೆ ಬರುವ ದಿಕ್ಕಿನಿಂದ ದೂರದ ಕೋಣೆಗೆ ಕಳಿಸಿ, ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ. ಎನ್-95 ಮಾಸ್ಕ್ ಮಸಿಯ ಕಣ ತಡೆಯುತ್ತದೆ, ಅನಿಲ ತಡೆಯುವುದಿಲ್ಲ. ಇನ್ಹೇಲರ್ ಕೈಗೆ ಸಿಗುವ ಹಾಗಿರಲಿ. ನೀವೇ ಬಕೆಟ್ ಹಿಡಿದು ಓಡಬೇಡಿ, ಗುಡ್ಡೆಯಲ್ಲಿ ತಿನ್ನರ್ ಡಬ್ಬ ಇದ್ದರೂ ಇರಬಹುದು. ಬೆಂಕಿ ಚಿಕ್ಕದಿದ್ದರೆ ವಾಚ್‌ಮನ್‌ಗೆ ಹೇಳಿ ಪಕ್ಕದಲ್ಲೇ ಇರುವ ಎಂ-ಸ್ಯಾಂಡ್ ಸುರಿಸಿ. ಉಳಿದ ಬೂದಿಯನ್ನು ಪೈಪ್ ಹಿಡಿದು ಚರಂಡಿಗೆ ತೊಳೆದುಬಿಡದಂತೆ ನೋಡಿಕೊಳ್ಳಿ, ಅದು ನೇರ ರಾಜಕಾಲುವೆ ಸೇರುತ್ತದೆ. ಆರಿದ ಮೇಲೆ ಚೀಲಕ್ಕೆ ತುಂಬಿಸಿ, ಡೆಬ್ರಿಸ್ ಒಯ್ಯುವ ಟೆಂಪೋದಲ್ಲೇ ಕಳಿಸಲಿ.