ಅಠಾರಾ ಕಚೇರಿ ಉಳಿಯಿತು, ಅಡ್ಡರಸ್ತೆಯ ಮನೆ ಉಳಿಯಲಿಲ್ಲ

ಬೆಂಗಳೂರಿನಲ್ಲಿ ಹಳೆಯ ಕಟ್ಟಡವೊಂದನ್ನು ಕೆಡವುವ ಸುದ್ದಿ ಬಂದಾಗಲೆಲ್ಲ ಅದೇ ಗೊಂದಲ. ಪುರಾತತ್ವ ಇಲಾಖೆ ಏಕೆ ತಡೆಯಲಿಲ್ಲ ಎಂದು ಒಬ್ಬರು ಕೇಳುತ್ತಾರೆ. ಪಾಲಿಕೆ ಹೇಗೆ ಒಪ್ಪಿತು ಎಂದು ಇನ್ನೊಬ್ಬರು. ನಮ್ಮ ಆಸ್ತಿ, ನಮ್ಮ ಇಷ್ಟ ಎಂದು ಮನೆಯವರು. ಮೂವರ ಮಾತಿನಲ್ಲೂ ಹುರುಳಿದೆ. ಸಮಸ್ಯೆ ಇಷ್ಟು ಗೋಜಲಾದದ್ದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1537ರಲ್ಲಿ ಕೆಂಪೇಗೌಡರ ಮಣ್ಣಿನ ಕೋಟೆ, 1761ರಲ್ಲಿ ಹೈದರಾಲಿಯ ಕಲ್ಲಿನ ಕೋಟೆ, 1791ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಮುತ್ತಿಗೆ. ಆಮೇಲೆ ರಸ್ತೆಗೆಂದು, ಆಸ್ಪತ್ರೆಗೆಂದು ಕೋಟೆ ಕರಗುತ್ತ ಬಂತು. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಅಕ್ಕಪಕ್ಕದ ಒಂದಿಷ್ಟು ಗೋಡೆ. ಪಕ್ಕದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ಬಚಾವಾಗಲು ಒಂದು ಕಾರಣ, 1831ರಲ್ಲಿ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋದ ಮೇಲೆ ಅವರ ಕಚೇರಿಗಳು ಅಲ್ಲೇ ನಡೆದದ್ದು. ಬಳಕೆಯಲ್ಲಿರುವ ಕಟ್ಟಡಕ್ಕೆ ಆಯುಸ್ಸು ಹೆಚ್ಚು. ಈ ಊರಿನ ಕಟ್ಟಡಗಳ ಮಟ್ಟಿಗೆ ಇದು ಮತ್ತೆ ಮತ್ತೆ ನಿಜವಾಗಿದೆ.

ಆ ಕಚೇರಿಗಳು 1868ರಲ್ಲಿ ಹೊಸ ಕೆಂಪು ಕಟ್ಟಡಕ್ಕೆ ಬಂದವು. ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಇದ್ದುದರಿಂದ ಜನ ಅದನ್ನು ಅಠಾರಾ ಕಚೇರಿ ಎಂದರು. ಸ್ವಾತಂತ್ರ್ಯದ ನಂತರ ಅದರ ಎದುರಿಗೇ ವಿಧಾನಸೌಧ ಎದ್ದಿತು. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಇಟ್ಟದ್ದು ಇದಕ್ಕಿಂತ ಸರಳವಾದ ಕಟ್ಟಡಕ್ಕೆ. ಅದನ್ನು ದ್ರಾವಿಡ ಶೈಲಿಯ ಕಲ್ಲಿನ ಸೌಧವಾಗಿ ಹಿಗ್ಗಿಸಿದವರು ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯ. 1956ರಲ್ಲಿ ಕೆಲಸ ಮುಗಿದು ಸಚಿವಾಲಯ ಅತ್ತ ಹೋಯಿತು, ಕೆಂಪು ಕಟ್ಟಡ ಹೈಕೋರ್ಟಿನದಾಯಿತು.

1980ರ ದಶಕದಲ್ಲಿ ಈ ಕೆಂಪು ಕಟ್ಟಡವನ್ನೇ ಕೆಡವುವ ಪ್ರಸ್ತಾಪ ಬಂತು. ನಾಗರಿಕರು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ವಿಚಾರಣೆ ನಡೆದದ್ದು ಅದೇ ಕಟ್ಟಡದೊಳಗೆ. ಕಟ್ಟಡ ಉಳಿಯಿತು. ಇವತ್ತೂ ಕಪ್ಪು ಕೋಟಿನವರು ಅದರ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾರೆ. ಹಳೆಯ ಕಟ್ಟಡದ ಪರವಾಗಿ ಊರು ಎದ್ದು ನಿಲ್ಲಬಹುದೆಂದು ತೋರಿಸಿಕೊಟ್ಟದ್ದು ಈ ಪ್ರಕರಣ. ಆದರೆ ಇದರಿಂದ ಒಂದು ತಪ್ಪು ತಿಳಿವಳಿಕೆಯೂ ಬೆಳೆಯಿತು. ಹಳೆಯ ಕಟ್ಟಡವೆಂದರೆ ಕಂಬ, ಗೋಪುರ, ಮುಂದೊಂದು ಹುಲ್ಲುಹಾಸು ಇರುವಂಥದ್ದು ಎಂದುಕೊಂಡೆವು.

ನಿಜವಾದ ನಷ್ಟ ಆಗಿರುವುದು ಮನೆಗಳಲ್ಲಿ. 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಓಡಿದರು. ಅಷ್ಟರಲ್ಲಾಗಲೇ ರೂಪುಗೊಳ್ಳುತ್ತಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅವರನ್ನು ತುಂಬಿಕೊಂಡವು. ಅಲ್ಲಿ ಮನೆ ಕಟ್ಟುವಾಗ ಪ್ಲೇಗಿನ ಭಯ ಮನಸ್ಸಿನಲ್ಲಿತ್ತು. ಗಾಳಿ ಬೇಕು, ಬೆಳಕು ಬೇಕು, ಮನೆ ಮನೆಗಳ ನಡುವೆ ಜಾಗ ಬೇಕು, ಹಿಂದೊಂದು ಕನ್ಸರ್ವೆನ್ಸಿ ಗಲ್ಲಿ, ಅಂದರೆ ಕಸ, ಮಲ ಸಾಗಿಸುವ ಓಣಿ, ಬೇಕು. ಮುಂದೆ ಜಗಲಿ, ಅದಕ್ಕೆ ಮರದ ಜಾಲರಿ, ಕಿಟಕಿಯ ಮೇಲೆ ಮಂಕಿ ಟಾಪ್ ಎಂಬ ಚೂಪು ತುದಿಯ ಮರದ ಮರೆ, ಒಳಗೆ ರೆಡ್ ಆಕ್ಸೈಡ್ ನೆಲ. ಬ್ರಿಟಿಷರ ದಂಡುಪ್ರದೇಶದ ಬಂಗಲೆಗಳಿಂದ ಮಂಕಿ ಟಾಪ್ ಬಂತು, ಜಗಲಿ ಪೇಟೆಯಿಂದ ಬಂತು, ಹೆಂಚು ಮಂಗಳೂರಿನಿಂದ ಬಂತು. ಬೆಂಗಳೂರಿನ ಮನೆ ಅಂದರೆ ಇದೇ ಎಂದು ನನಗನ್ನಿಸುವುದು ಈ ಬೆರಕೆಯಿಂದ.

ಈ ಮನೆಗಳು ನಿಂತಿರುವುದು ಸುಣ್ಣದ ಮೇಲೆ. ಸುಣ್ಣ, ಮರಳು, ಇಟ್ಟಿಗೆ ಪುಡಿಯನ್ನು ಗಾಣದಲ್ಲಿ ಅರೆದು ಮಾಡಿದ ಗಾರೆ. ಮಾಳಿಗೆ ಹಲವು ಕಡೆ ಮದ್ರಾಸ್ ತಾರಸಿ: ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಗಾರೆಯಲ್ಲಿ ಕೂರಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಹಾಸು. ಸುಣ್ಣದ ಗೋಡೆ ತೇವ ಹೀರುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಆದರೆ ಆಗಾಗ ನೋಡಿಕೊಳ್ಳಬೇಕು, ಬಿರುಕು ಕಂಡಲ್ಲಿ ಸುಣ್ಣವೇ ಹಾಕಬೇಕು.

ಸಿಮೆಂಟ್ ಅಗ್ಗವಾಗಿ ಸಿಗತೊಡಗಿದ ಮೇಲೆ ಈ ಕ್ರಮ ತಪ್ಪಿತು. ಉದುರಿದ ಗಾರೆಯ ಜಾಗಕ್ಕೆ ಸಿಮೆಂಟ್ ಮೆತ್ತಿದರು. ಒಳ್ಳೆಯ ಮನಸ್ಸಿನಿಂದಲೇ ಮೆತ್ತಿದರು. ಒಳಗಿನ ತೇವಕ್ಕೆ ಹೊರಬರಲು ದಾರಿ ಇಲ್ಲದೆ ಗೋಡೆ ಉಪ್ಪು ಕಕ್ಕಿತು, ಮೆತ್ತಿದ ಪದರ ಹಪ್ಪಳದಂತೆ ಎದ್ದಿತು. ತಾರಸಿ ಸೋರಿದಾಗ ಗೋಡೆಯೊಳಗೆ ಹೂತ ತೊಲೆಯ ತುದಿ ಕೊಳೆಯಿತು. ಆಗ ಬಂದು ನೋಡಿದ ಎಂಜಿನಿಯರು ಓದಿದ್ದು, ಕಟ್ಟಿದ್ದು ಎಲ್ಲ ಆರ್‌ಸಿಸಿ. ಅವರು ಬರೆಯುವ ಪದ ಒಂದೇ: ‘ಶಿಥಿಲ’. ಆ ಪದ ಕಾಗದದ ಮೇಲೆ ಬಂದ ಮೇಲೆ ಮನೆಗೆ ಉಳಿಗಾಲವಿಲ್ಲ. ನಾಲ್ಕು ತೊಲೆಯ ತುದಿ ಬದಲಿಸಿದರೆ ಸರಿಹೋಗುವ ಮನೆಗೂ ಅದೇ ಪದ, ಬೀಳುವ ಮನೆಗೂ ಅದೇ ಪದ.

ಇದರ ಜೊತೆಗೆ ಪಾಲಿನ ಲೆಕ್ಕ. ಅಜ್ಜ ಕಟ್ಟಿಸಿದ ಒಂದು ಮನೆಗೆ ಮೂರನೇ ತಲೆಮಾರಿನಲ್ಲಿ ಎಂಟು ಜನ ಹಕ್ಕುದಾರರು, ಅರ್ಧ ಜನ ಊರಲ್ಲಿಲ್ಲ. ತೊಟ್ಟಿ, ಜಗಲಿ, ಹಜಾರವನ್ನು ಎಂಟು ಭಾಗ ಮಾಡಲಾಗದು. ಅದೇ ಜಾಗದಲ್ಲಿ ಎಂಟು ಫ್ಲ್ಯಾಟ್ ಎದ್ದರೆ ಪಾಲು ಸಲೀಸು. ಆ ಮನೆಯವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಮನೆ ಉಳಿಸಿಕೊಳ್ಳಿ ಎಂದು ಹೇಳುವ ಊರು ಅದರ ರಿಪೇರಿ ಖರ್ಚಿನಲ್ಲಿ ಪಾಲು ಕೇಳಿದ್ದನ್ನು ನಾನು ಕಂಡಿಲ್ಲ.

ಕಾನೂನು ಎಲ್ಲಿದೆ? ಸ್ಮಾರಕಗಳಿಗೆ 1958ರ ಕೇಂದ್ರ ಕಾಯ್ದೆಯಿದೆ, 1961ರ ರಾಜ್ಯ ಕಾಯ್ದೆಯಿದೆ. 2010ರ ತಿದ್ದುಪಡಿಯ ನಂತರ ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ನಿರ್ಮಾಣಕ್ಕೆ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ. ಟಿಪ್ಪು ಅರಮನೆ, ಕೋಟೆ ಈ ನೆರಳಿನಲ್ಲಿವೆ. ನೂರು ವರ್ಷದ ವಾಸದ ಮನೆ ಸಾಮಾನ್ಯವಾಗಿ ಎರಡೂ ಪಟ್ಟಿಯಲ್ಲಿ ಇರುವುದಿಲ್ಲ. ಅಂಥವನ್ನು ನೋಡಿಕೊಳ್ಳಬೇಕಾದದ್ದು ನಗರ ಯೋಜನೆ. 1976ರಲ್ಲಿ ಹುಟ್ಟಿದ ಬೆಂಗಳೂರು ನಗರ ಕಲಾ ಆಯೋಗ ಸಲಹೆ ಕೊಡುತ್ತಿತ್ತು, 2001ರಲ್ಲಿ ಅದೂ ಮುಚ್ಚಿತು. ಮುಂಬೈ 1995ರಲ್ಲೇ ತನ್ನ ಕಟ್ಟಡಗಳನ್ನು ದರ್ಜೆವಾರು ಪಟ್ಟಿ ಮಾಡಿ ನಿಯಮದ ಬಲ ಕೊಟ್ಟಿತು. ಇಲ್ಲಿ ಪಟ್ಟಿಗಳು ಆಗಿವೆ, ನಕ್ಷೆಯಲ್ಲಿ ಪರಂಪರೆ ವಲಯಗಳೂ ಬಂದಿವೆ. ಅಷ್ಟರೊಳಗೆ ವಿಕ್ಟೋರಿಯಾ ಹೋಟೆಲಿದ್ದಲ್ಲಿ ಮಾಲ್ ಬಂತು, ಎಂ.ಜಿ. ರಸ್ತೆಯ ಪ್ಲಾಜಾ ಚಿತ್ರಮಂದಿರವಿದ್ದಲ್ಲಿ ಮೆಟ್ರೊ ಬಂತು.

ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಸಿಟಿ ರೈಲು ನಿಲ್ದಾಣದ ಬಳಿ ಮೈಸೂರು ಮಾರ್ಗದ ಜೋಡಿಹಳಿಗೆ ಅಡ್ಡವಿದ್ದ ಟಿಪ್ಪುವಿನ ಮದ್ದುಗುಂಡಿನ ಮನೆಯನ್ನು 2017ರಲ್ಲಿ ಬುಡಸಮೇತ ಎತ್ತಿ ಸುಮಾರು 100 ಮೀಟರ್ ಆಚೆ ಇಟ್ಟರು. ಹಳಿಯೂ ಬಂತು, ಕಟ್ಟಡವೂ ಉಳಿಯಿತು.

ಅಡ್ಡರಸ್ತೆಯ ಮನೆಗೆ ಬರುವವರು ಬೇರೆ. ಮೊದಲು ಹಳೆ ಮರದ ವ್ಯಾಪಾರಿ ಬಂದು ತೇಗದ ಬಾಗಿಲು, ಕಂಬ, ತೊಲೆಗಳನ್ನು ತೂಗಿ ನೋಡಿ ಬೆಲೆ ಕಟ್ಟುತ್ತಾನೆ. ಕೊಳೆತದ್ದು ತುದಿ ಮಾತ್ರ, ಉಳಿದ ಮರ ಗಟ್ಟಿ ಎಂಬುದು ಅವನಿಗೆ ಗೊತ್ತು. ಆಮೇಲೆ ಹೆಂಚು, ಆಮೇಲೆ ಕಲ್ಲುಚಪ್ಪಡಿ. ಕೊನೆಗೆ ಉಳಿಯುವುದು ಸುಣ್ಣದ ಗಾರೆ. ಅದನ್ನು ಯಾರೂ ಕೊಳ್ಳುವುದಿಲ್ಲ, ಟ್ರ್ಯಾಕ್ಟರಿನಲ್ಲಿ ತುಂಬಿ ಊರಾಚೆ ಸುರಿಯುತ್ತಾರೆ.