ಸಿ ಭಾಷೆಯ ಖಾಲಿ ಬ್ರಾಕೆಟ್‌ಗೆ ಒಂದು ಅರ್ಥ ಬರಲು 50 ವರ್ಷ ಹಿಡಿಯಿತು

ಮೊನ್ನೆ ಹಳೇ ಹಾರ್ಡ್ ಡಿಸ್ಕ್ ತಡಕಾಡುವಾಗ ಕಾಲೇಜಿನಲ್ಲಿ ಬರೆದ ಒಂದು ಸಿ ಪ್ರೋಗ್ರಾಂ ಸಿಕ್ಕಿತು. ಕೋಡನ್ನು ಯಂತ್ರದ ಭಾಷೆಗೆ ತರುವ ಜಿಸಿಸಿ ಕಂಪೈಲರ್‌ನ 15ನೇ ಆವೃತ್ತಿಗೆ ಕೊಟ್ಟೆ. ಕಂಪೈಲ್ ಆಗಲಿಲ್ಲ. ಮೇಲೆ ‘ಇಂಟ್ ಕೂಡು();’ ಅಂತಿದೆ, ಮೇನ್ ಒಳಗೆ ‘ಕೂಡು(2, 3)’ ಅಂತಿದೆ. ಈ ಫಂಕ್ಷನ್‌ಗೆ ಆರ್ಗ್ಯುಮೆಂಟ್ (ಕರೆಯುವಾಗ ಕೊಡುವ ಬೆಲೆ) ಇಲ್ಲ, ಎರಡು ಯಾಕೆ ಕೊಟ್ಟೆ ಅನ್ನುವ ಅರ್ಥದ ಎರರ್ ಬಂತು. ಲ್ಯಾಬಿನಲ್ಲಿ ಇದೇ ಕೋಡ್ ತಕರಾರಿಲ್ಲದೆ ಓಡಿತ್ತು.

ಆಗ ಆ ಖಾಲಿ ಬ್ರಾಕೆಟ್‌ಗೆ ‘ಪ್ಯಾರಾಮೀಟರ್ ಇಲ್ಲ’, ಅಂದರೆ ಫಂಕ್ಷನ್ ಏನನ್ನೂ ತಗೊಳ್ಳುವುದಿಲ್ಲ, ಅನ್ನುವ ಅರ್ಥವೇ ಇರಲಿಲ್ಲ. ‘ಎಷ್ಟು ಬೇಕು, ಎಂಥದ್ದು ಬೇಕು ಅಂತ ಹೇಳಿಲ್ಲ’ ಅನ್ನುವುದಷ್ಟೇ ಅದರ ಅರ್ಥ. ಎರಡಕ್ಕೂ ಅಜಗಜಾಂತರ.

ಇದರ ಬೇರು ಸಿ ಭಾಷೆಗಿಂತ ಹಿಂದಿನದು. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಕೆನ್ ಥಾಂಪ್ಸನ್ ಮಾಡಿದ ಬಿ ಭಾಷೆಯಲ್ಲಿ ಇದ್ದದ್ದು ಒಂದೇ ಟೈಪ್ (ಬೆಲೆ ಎಂಥದ್ದು ಅನ್ನುವ ಬಗೆ), ಯಂತ್ರ ಒಮ್ಮೆಗೆ ಹಿಡಿಯುವಷ್ಟು ಬಿಟ್‌ಗಳ ಒಂದು ವರ್ಡ್. ಹಾಗಾಗಿ ಬ್ರಾಕೆಟ್ ಒಳಗೆ ಹೆಸರು ಬರೆದರೆ ಮುಗಿಯಿತು. ಡೆನ್ನಿಸ್ ರಿಚ್ಚಿ 1970ರ ದಶಕದ ಮೊದಲ ವರ್ಷಗಳಲ್ಲಿ ಅದನ್ನೇ ಬೆಳೆಸಿ ಸಿ ಮಾಡಿದಾಗ ಪೂರ್ಣಾಂಕಕ್ಕೆ ಇಂಟ್, ಅಕ್ಷರಕ್ಕೆ ಚಾರ್, ದಶಮಾಂಶಕ್ಕೆ ಫ್ಲೋಟ್ ಎಲ್ಲ ಬಂದವು. ಬ್ರಾಕೆಟ್ ಮಾತ್ರ ಹಾಗೇ ಉಳಿಯಿತು: ‘ಇಂಟ್ ಕೂಡು(ಎ, ಬಿ)’, ಅದರ ಕೆಳಗಿನ ಸಾಲಿನಲ್ಲಿ ‘ಇಂಟ್ ಎ, ಬಿ;’, ಆಮೇಲೆ ಫಂಕ್ಷನ್‌ನ ಒಡಲು. ಫೋರ್ಟ್ರಾನ್, ಆಲ್ಗಾಲ್ 60 ಭಾಷೆಗಳಲ್ಲೂ ಹೆಸರು ಮೇಲೆ, ಟೈಪ್ ಕೆಳಗೆ ಇತ್ತು, ಹಾಗಾಗಿ ಆ ಕಾಲದವರಿಗೆ ಇದು ವಿಚಿತ್ರ ಅನಿಸಿರಲಿಕ್ಕಿಲ್ಲ. 1978ರಲ್ಲಿ ಬ್ರಯಾನ್ ಕರ್ನಿಗನ್ ಮತ್ತು ರಿಚ್ಚಿ ಬರೆದ ಪುಸ್ತಕ ಇದೇ ರೂಪವನ್ನು ಎಲ್ಲೆಡೆ ಹರಡಿತು. ಇವತ್ತಿಗೂ ಅದಕ್ಕೆ ಕೆ ಅಂಡ್ ಆರ್ ಶೈಲಿ ಅಂತಲೇ ಹೆಸರು.

ನೋಡಲು ಹೇಗಾದರೂ ಇರಲಿ. ನಿಜವಾದ ತೊಂದರೆ ಏನಂದರೆ ಕೆಳಗೆ ಬರೆದ ಆ ಟೈಪ್‌ಗಳನ್ನು ಫಂಕ್ಷನ್ ಕರೆಯುವ ಕಡೆ ಯಾರೂ ನೋಡುತ್ತಿರಲಿಲ್ಲ. ಪ್ರತಿ ಫೈಲ್ ಬೇರೆಬೇರೆಯಾಗಿ ಕಂಪೈಲ್ ಆಗುತ್ತಿತ್ತು, ಒಂದರಲ್ಲಿ ಏನಿದೆ ಅಂತ ಇನ್ನೊಂದಕ್ಕೆ ಗೊತ್ತಿಲ್ಲ.

ವರ್ಗಮೂಲ ತೆಗೆಯುವ ಸ್ಕ್ವೇರ್ ರೂಟ್ ಫಂಕ್ಷನ್ ತಗೊಳ್ಳಿ. ಅದಕ್ಕೆ ಬೇಕಾದದ್ದು ಡಬಲ್, ಅಂದರೆ ಹೆಚ್ಚು ನಿಖರವಾದ ದಶಮಾಂಶ ಸಂಖ್ಯೆ. ಆ ಕಾಲದ ಪಿಡಿಪಿ-11 ಕಂಪ್ಯೂಟರ್‌ನಲ್ಲಿ ಡಬಲ್ ಅಂದರೆ 8 ಬೈಟ್, ಇಂಟ್ ಅಂದರೆ 2 ಬೈಟ್. ನೀವು ಸುಮ್ನೆ 2 ಅಂತ ಕೊಟ್ಟರೆ ಕಂಪೈಲರ್ ಎರಡೇ ಬೈಟನ್ನು ಸ್ಟ್ಯಾಕ್ (ಆರ್ಗ್ಯುಮೆಂಟ್ ಇಡುವ ಮೆಮೊರಿ ಜಾಗ) ಮೇಲೆ ಇಡುತ್ತಿತ್ತು. ಆ ಕಡೆ ಫಂಕ್ಷನ್ ಎಂಟು ಬೈಟ್ ಓದುತ್ತಿತ್ತು, ಉಳಿದ ಆರರಲ್ಲಿ ಏನು ಬಿದ್ದಿತ್ತೋ ಅದನ್ನೂ ಸೇರಿಸಿಕೊಂಡು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಉತ್ತರ ಮಾತ್ರ ಕಸ. ಹಾಗಾಗಬಾರದು ಅಂದರೆ ಪ್ರತಿ ಸಲವೂ ನಾವೇ ಅದನ್ನು ಡಬಲ್‌ಗೆ ಕಾಸ್ಟ್ ಮಾಡಿ, ಅಂದರೆ ಬದಲಾಯಿಸಿ, ಕೊಡಬೇಕಿತ್ತು. ಇಂಥ ತಪ್ಪುಗಳನ್ನು ಹೆಕ್ಕಲೆಂದೇ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ‘ಲಿಂಟ್’ ಅನ್ನುವ ಬೇರೆಯದೇ ಪ್ರೋಗ್ರಾಂ ಬರೆದರು. ಆದರೆ ಅದನ್ನು ನೆನಪಿಟ್ಟುಕೊಂಡು ಓಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ದಾರಿ ತೋರಿಸಿದ್ದು ಅಲ್ಲಿನವರೇ ಆದ ಬ್ಯಾರ್ನೆ ಸ್ಟ್ರೌಸ್ಟ್ರಪ್. 1979ರಲ್ಲಿ ಅವರು ಶುರು ಮಾಡಿದ ಕೆಲಸ ಮುಂದೆ ಸಿ++ ಆಯಿತು, ಅದರಲ್ಲಿ ಟೈಪ್ ಬ್ರಾಕೆಟ್ ಒಳಗೇ ಬಂತು: ‘ಇಂಟ್ ಕೂಡು(ಇಂಟ್ ಎ, ಇಂಟ್ ಬಿ)’. ಪ್ಯಾರಾಮೀಟರೇ ಬೇಡದ ಫಂಕ್ಷನ್‌ಗೆ ಬ್ರಾಕೆಟ್ ಒಳಗೆ, ಏನೂ ಇಲ್ಲ ಅನ್ನುವ ಅರ್ಥದ ‘ವಾಯ್ಡ್’ ಅಂತ ಬರೆಯುವ ಯೋಚನೆಯೂ ಇತ್ತು. ಅದು ರಿಚ್ಚಿ ಮತ್ತು ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್ರಾಯ್ ಇಬ್ಬರಿಗೂ ಸ್ವಲ್ಪವೂ ಹಿಡಿಸಲಿಲ್ಲ. ಕೊನೆಗೆ ಸಿ++ನಲ್ಲಿ ಖಾಲಿ ಅಂದರೆ ಖಾಲಿ ಅಂತಲೇ ಆಯಿತು.

ಸಿ ಭಾಷೆಗೆ ಆ ಅನುಕೂಲ ಇರಲಿಲ್ಲ, ಯಾಕಂದರೆ ಖಾಲಿ ಬ್ರಾಕೆಟ್ ಬರೆದು ಆರ್ಗ್ಯುಮೆಂಟ್ ಕೊಡುವ ಕೋಡ್ ಅಷ್ಟರಲ್ಲಿ ರಾಶಿ ಬಿದ್ದಿತ್ತು. ಭಾಷೆಯ ಅಧಿಕೃತ ನಿಯಮಗಳ ಪಟ್ಟಿಯಾದ 1989ರ ಆನ್ಸಿ (ಅಮೆರಿಕದ ಮಾನದಂಡ ಸಂಸ್ಥೆ) ಸ್ಟ್ಯಾಂಡರ್ಡ್ ಮಾಡಿದ ಸಮಿತಿ ಹೊಸ ರೂಪವನ್ನು ಸಿ++ನಿಂದ ತಂದು, ಪ್ರೋಟೋಟೈಪ್ ಅಂತ ಕರೆದು, ಹಳೆಯದನ್ನೂ ಉಳಿಸಿಕೊಂಡಿತು. ಖಾಲಿ ಬ್ರಾಕೆಟ್‌ಗೆ ಹಳೇ ಅರ್ಥವೇ, ನಿಜವಾಗಿ ಏನೂ ಬೇಡ ಅನ್ನಲು ‘ವಾಯ್ಡ್’. ಆ ಸಮಿತಿ ಮಾಡಿದ ನಿಜಕ್ಕೂ ಮುಖ್ಯವಾದ ಬದಲಾವಣೆ ಇದೊಂದೇ ಅಂತ ರಿಚ್ಚಿಯವರೇ ಆಮೇಲೆ ಬರೆದಿದ್ದಾರೆ, ಮತ್ತು ನನಗೂ ಹಾಗೇ ಅನಿಸುತ್ತದೆ. ತಪ್ಪು ಹಿಡಿಯುವುದು ಅದರ ಅರ್ಧ ಲಾಭ ಮಾತ್ರ. ಪ್ರೋಟೋಟೈಪ್ ಕಣ್ಣ ಮುಂದಿದ್ದರೆ ವರ್ಗಮೂಲಕ್ಕೆ ಬರೀ 2 ಕೊಟ್ಟರೂ ಕಂಪೈಲರ್ ತಾನೇ ಅದನ್ನು 2.0 ಮಾಡಿ ಕಳಿಸುತ್ತದೆ.

ಹಳೇ ಶೈಲಿಯನ್ನು ಮುಂದೆ ತೆಗೆದುಹಾಕಬಹುದು ಅಂತ 1989ರಲ್ಲೇ ಗುರುತು ಹಾಕಿದ್ದರು. ಆದರೂ ಅದು ಹೋಗಲಿಲ್ಲ. 1999ರ ಸ್ಟ್ಯಾಂಡರ್ಡ್, ಡಿಕ್ಲೇರ್ ಮಾಡದೆಯೇ, ಅಂದರೆ ಮೊದಲೇ ಪರಿಚಯಿಸದೆ, ಫಂಕ್ಷನ್ ಕರೆಯುವುದನ್ನು ತೆಗೆದುಹಾಕಿತು. ಖಾಲಿ ಬ್ರಾಕೆಟ್ ಆಗಲೂ ಉಳಿಯಿತು. ಇಷ್ಟು ವರ್ಷ ಬಿಟ್ಟಿದ್ದು ಜಾಸ್ತಿಯಾಯ್ತು ಅಂತ ನನಗೆ ಅನಿಸುತ್ತದೆ. ನಮ್ಮಂಥ ಎಷ್ಟೋ ಜನ ಲ್ಯಾಬ್ ರೆಕಾರ್ಡ್ ನೋಡಿ ‘ವಾಯ್ಡ್ ಮೇನ್()’ ಅಂತ ಬಾಯಿಪಾಠ ಮಾಡಿದ್ದೇವೆ, ಆ ಬ್ರಾಕೆಟ್ ಯಾಕೆ ಖಾಲಿ ಅಂತ ಕೇಳಲೇ ಇಲ್ಲ, ಅಲ್ವಾ? ಆದರೆ 80ರ ದಶಕದ ಕೋಡನ್ನು ಇನ್ನೂ ಓಡಿಸುತ್ತಿರುವವರ ಜಾಗದಲ್ಲಿ ನಿಂತರೆ ಆ ತಾಳ್ಮೆ ಯಾಕೆ ಬೇಕಿತ್ತು ಅನ್ನುವುದೂ ಅರ್ಥವಾಗುತ್ತದೆ.

ಕೊನೆಗೆ 2024ರಲ್ಲಿ ಪ್ರಕಟವಾದ ಸಿ23 ಸ್ಟ್ಯಾಂಡರ್ಡ್ ಕೆ ಅಂಡ್ ಆರ್ ಶೈಲಿಯನ್ನು ತೆಗೆದೇ ಹಾಕಿತು. ಈಗ ಸಿಯಲ್ಲೂ ಖಾಲಿ ಬ್ರಾಕೆಟ್ ಅಂದರೆ ಏನೂ ಬೇಡ ಅಂತಲೇ ಅರ್ಥ. 2025ರಲ್ಲಿ ಬಂದ ಜಿಸಿಸಿ 15, ನಾವು ಬೇರೆ ಹೇಳದಿದ್ದರೆ, ಇದೇ ನಿಯಮ ಹಿಡಿಯುತ್ತದೆ. ಹಳೇ ಕೋಡ್ ಹಾಗೇ ಓಡಬೇಕು ಅಂದರೆ ಅದರ ಹಿಂದಿನ ಸ್ಟ್ಯಾಂಡರ್ಡ್ ಆದ ಸಿ17 ನಿಯಮದಲ್ಲಿ ಕಂಪೈಲ್ ಮಾಡು ಅಂತ ಒಂದು ಆಪ್ಷನ್ ಕೊಟ್ಟರಾಯಿತು.

ನಾನು ಆಪ್ಷನ್ ಕೊಡಲಿಲ್ಲ. ಬ್ರಾಕೆಟ್ ಒಳಗೆ ‘ಇಂಟ್ ಎ, ಇಂಟ್ ಬಿ’ ಅಂತ ಬರೆದೆ. ಕಂಪೈಲ್ ಆಯಿತು, 5 ಅಂತ ಬಂತು.