ಸಿಗಲಿಲ್ಲ ಎಂದು ಬರೆದಿದ್ದೆ, ಇಲ್ಲ ಎಂದಲ್ಲ

ಒಂದು ಜಲಾಶಯದ ಉಸ್ತುವಾರಿ ನೋಡುವವರು ಫೋನ್ ಮಾಡಿದ್ದರು. ದನಿಯಲ್ಲಿ ಸಿಟ್ಟಿಗಿಂತ ಬೇಸರ ಜಾಸ್ತಿ ಇತ್ತು. ‘ನೀವೇ ಇಲ್ಲ ಅಂತ ಬರೆದುಕೊಟ್ಟಿದ್ರಿ. ಈಗ ನೋಡಿದರೆ ಪಂಪಿನ ಜಾಲರಿ ತುಂಬ ಅದೇ ಚಿಪ್ಪು’ ಎಂದರು. ಹಳೆಯ ವರದಿ ತೆಗೆದು ನೋಡಿದೆ. ನಾನು ಬರೆದಿದ್ದ ಸಾಲು ಇದು: ‘ಈ ದಿನ ಆರು ಜಾಗಗಳಲ್ಲಿ ಎಳೆದ ಬಲೆಯಲ್ಲಿ ಜೀಬ್ರಾ ಕಪ್ಪೆಚಿಪ್ಪಿನ ಮರಿಗಳು ಸಿಗಲಿಲ್ಲ.’ ಹೊರಗಿನಿಂದ ಬಂದು ಸಿಕ್ಕಲ್ಲೆಲ್ಲ ಅಂಟಿಕೊಳ್ಳುವ ಪಟ್ಟೆಪಟ್ಟೆಯ ಸಣ್ಣ ಚಿಪ್ಪುಜೀವಿ ಅದು. ನನ್ನ ಸಾಲು ಅವರ ಕಚೇರಿಯಲ್ಲಿ ಮೂರು ಮೇಜು ದಾಟುವಷ್ಟರಲ್ಲಿ ‘ಜಲಾಶಯ ಆಕ್ರಮಣಕಾರಿ ಜೀವಿಗಳಿಂದ ಮುಕ್ತ’ ಎಂದಾಗಿತ್ತು. ಅದನ್ನು ನಂಬಿ, ಹೊರಗಿನಿಂದ ಬರುವ ದೋಣಿಗಳನ್ನು ತೊಳೆದು ಒಣಗಿಸಿ ಒಳಗೆ ಬಿಡುವ ಪದ್ಧತಿಯನ್ನೇ ನಿಲ್ಲಿಸಿದ್ದರು.

ಅವರು ಒಳ್ಳೆಯ ಮನುಷ್ಯ. ಕೆಲಸಗಳ್ಳರಲ್ಲ. ಇದು ಅವರೊಬ್ಬರ ತಪ್ಪೂ ಅಲ್ಲ. ಹೊರಗಿನಿಂದ ಬಂದು ನೆಲೆಯೂರುವ ಜಲಜೀವಿಗಳನ್ನು ಹುಡುಕುವುದೇ ನನ್ನ ಕೆಲಸ. ಇಷ್ಟು ವರ್ಷಗಳಲ್ಲಿ ನನ್ನನ್ನು ಅತಿ ಹೆಚ್ಚು ಸುಸ್ತು ಮಾಡಿರುವುದು ಈ ಒಂದೇ ಗೊಂದಲ. ‘ಸುಮ್ನೆ ಇದೆಯಾ ಇಲ್ವಾ ಅಂತ ಹೇಳಿ’ ಎಂದು ಎಲ್ಲರೂ ಕೇಳುತ್ತಾರೆ. ಇದೆ ಎನ್ನುವುದಕ್ಕೆ ಒಂದು ಚಿಪ್ಪು ಸಾಕು. ಇಲ್ಲ ಎನ್ನುವುದಕ್ಕೆ ಏನು ಬೇಕು ಎಂದು ಯಾರೂ ಕೇಳುವುದಿಲ್ಲ.

ಮೊದಲು ನೀರಿನ ಲೆಕ್ಕ ನೋಡೋಣ. ನೀರಿನಲ್ಲಿ ತೇಲುವ ಸಣ್ಣಸಣ್ಣ ಜೀವಿಗಳನ್ನು ಸೋಸಿ ಹಿಡಿಯಲು ನಾವು ಬಳಸುವ ಪ್ಲಾಂಕ್ಟನ್ ಬಲೆಯ ಬಾಯಿ 30 ಸೆಂಟಿಮೀಟರ್ ಅಗಲ ಎಂದುಕೊಳ್ಳಿ. ಅದನ್ನು 10 ಮೀಟರ್ ಎಳೆದರೆ ಸುಮಾರು 700 ಲೀಟರ್ ನೀರು ಸೋಸಿದಂತೆ. ಹತ್ತು ಸಲ ಎಳೆದರೆ 7,000 ಲೀಟರ್. ಕೇಳಲು ದೊಡ್ಡದೇ, ಅಲ್ವಾ? ಆದರೆ 20 ಹೆಕ್ಟೇರ್ ವಿಸ್ತಾರ, ಸರಾಸರಿ 5 ಮೀಟರ್ ಆಳ ಇರುವ ಸಣ್ಣ ಕೆರೆಯಲ್ಲೇ 100 ಕೋಟಿ ಲೀಟರ್ ನೀರಿರುತ್ತದೆ. ಅದರಲ್ಲಿ ನಾವು ನೋಡಿದ್ದು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನಿನ್ನೆ ಮೊನ್ನೆ ಬಂದಿಳಿದ ಹತ್ತಿಪ್ಪತ್ತು ಜೀವಿಗಳು ಆ ಪಾಲಿನಲ್ಲೇ ಇರಬೇಕೆಂದು ಯಾವ ನಿಯಮವೂ ಇಲ್ಲ. ಅವು ಒಂದು ಕಲ್ಲಿನ ಅಡಿಗೆ ಅಂಟಿಕೊಂಡಿರಬಹುದು.

ಇನ್ನು ಕಾಲದ ಮಾತು. ಜೀಬ್ರಾ ಕಪ್ಪೆಚಿಪ್ಪು ಮೊಟ್ಟೆ ಬಿಡುವುದು ನೀರು ಸ್ವಲ್ಪ ಬೆಚ್ಚಗಾದ ಮೇಲೆ, ಅಂದಾಜು 12 ಡಿಗ್ರಿ ದಾಟಿದಾಗ. ಮರಿಗಳು ನೀರಿನಲ್ಲಿ ತೇಲುವುದೂ ಆಗಲೇ. ಚಳಿಯಲ್ಲಿ ಬಲೆ ಎಳೆದರೆ ಚಿಪ್ಪು ತುಂಬಿದ ಕೆರೆಯಲ್ಲೂ ಸೊನ್ನೆಯೇ ಬರಬಹುದು. ಆದರೂ ನನಗೆ ಬರುವ ಸ್ಯಾಂಪಲ್ ಬಾಟಲಿಗಳಲ್ಲಿ ಎಷ್ಟೋ ಚಳಿಗಾಲದವೇ. ಕೇಳಿದರೆ ‘ಆಗ ಕೆಲಸ ಕಡಿಮೆ ಇತ್ತು, ಹಾಗಾಗಿ ತೆಗೆದ್ವಿ’ ಎನ್ನುತ್ತಾರೆ.

ಸರಿಯಾದ ಕಾಲದಲ್ಲಿ ತೆಗೆದ ಸ್ಯಾಂಪಲ್ಲೂ ಸುಲಭವಲ್ಲ. ಈ ಮರಿಗಳ ಗಾತ್ರ 100 ಮೈಕ್ರಾನಿನ ಆಸುಪಾಸು, ಅಂದರೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲು. ಧ್ರುವೀಕೃತ ಬೆಳಕಿನಲ್ಲಿ (ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಸೋಸಿದ ಬೆಳಕು) ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಅವುಗಳ ಚಿಪ್ಪು ಕತ್ತಲಲ್ಲಿ ಹೊಳೆಯುತ್ತದೆ, ಒಳಗೊಂದು ಕಪ್ಪು ಶಿಲುಬೆ ಕಾಣುತ್ತದೆ. ನೋಡಲು ಬಹಳ ಚೆಂದ. ತೊಂದರೆ ಏನೆಂದರೆ, ಆಸ್ಟ್ರಕಾಡ್ ಎಂಬ ನಿರುಪದ್ರವಿ ಜೀವಿಗಳೂ ಇದೇ ಬೆಳಕಿನಲ್ಲಿ ಹೊಳೆಯುತ್ತವೆ. ಮೂರನೇ ಗಂಟೆಯಲ್ಲಿ ಕಣ್ಣು ದಣಿದಾಗ ಒಂದನ್ನು ಇನ್ನೊಂದೆಂದು ತಿಳಿಯುವುದು, ಎರಡನ್ನೂ ಬಿಟ್ಟು ಮುಂದೆ ಹೋಗುವುದು, ಎರಡೂ ನಡೆಯುತ್ತದೆ.

ಈಗ ನಾನು ಎಲ್ಲರಿಗೂ ಕಾಗದದ ಮೇಲೆ ಬರೆದು ತೋರಿಸುವ ಲೆಕ್ಕ. ದಯವಿಟ್ಟು ತಾಳ್ಮೆಯಿಂದ ಓದಿ. ಜೀವಿ ಕೆರೆಯಲ್ಲಿ ಇದೆ ಎಂದೇ ಇಟ್ಟುಕೊಳ್ಳಿ. ಒಂದು ಸಲ ಹುಡುಕಿದರೆ ಸಿಗುವ ಸಾಧ್ಯತೆ ನೂರಕ್ಕೆ 30. ಅಂದರೆ ತಪ್ಪಿಹೋಗುವ ಸಾಧ್ಯತೆ ನೂರಕ್ಕೆ 70. ಎರಡು ಸಲವೂ ತಪ್ಪಿಹೋಗುವ ಸಾಧ್ಯತೆ 49. ಮೂರು ಸಲವೂ ತಪ್ಪುವುದು 34. ಅಂದರೆ ಜೀವಿ ನಿಜವಾಗಿ ಇರುವ ಮೂರು ಕೆರೆಗಳಲ್ಲಿ ಒಂದು ಕಡೆ ನಾವು ಮೂರು ಸಲ ಹೋಗಿಯೂ ಬರಿಗೈಯಲ್ಲಿ ಬಂದು ಮೋಸಹೋಗಿರುತ್ತೇವೆ. ಆ ಸಂಖ್ಯೆ ನೂರಕ್ಕೆ ಐದಕ್ಕಿಂತ ಕೆಳಗಿಳಿಯಬೇಕಾದರೆ ಒಂಬತ್ತು ಸಲ ಹುಡುಕಬೇಕು. ಒಂಬತ್ತು! ಅದೂ ಒಂದು ಹುಡುಕಾಟಕ್ಕೂ ಇನ್ನೊಂದಕ್ಕೂ ಸಂಬಂಧವಿರಬಾರದು. ಒಂದೇ ಜಾಗದಲ್ಲಿ, ಒಂದೇ ಬೆಳಗ್ಗೆ ಒಂಬತ್ತು ಸಲ ಬಲೆ ಎಳೆದರೆ ಅದು ಒಂಬತ್ತು ಆಗುವುದಿಲ್ಲ. ಮತ್ತೆ ನೂರಕ್ಕೆ 30 ಎನ್ನುವುದು ನಾನು ಉದಾಹರಣೆಗೆ ಹಿಡಿದ ಸಂಖ್ಯೆ. ಹೊಸದಾಗಿ ಬಂದ, ವಿರಳವಾಗಿರುವ ಜೀವಿಗೆ ಅದು ಇನ್ನೂ ಕಡಿಮೆ ಇರಬಹುದು. ನಾವು ಹುಡುಕಲೇಬೇಕಾದ ಹೊತ್ತೂ ಅದೇ.

ಹಾಗಾದರೆ ನಮ್ಮ ತಂಡದ ಸಂಖ್ಯೆ ಎಷ್ಟು? ಅದನ್ನು ತಿಳಿಯಲು ನಾವೊಮ್ಮೆ ಒಂದು ಕೆಲಸ ಮಾಡಿದೆವು. ಖಾಲಿ ಚಿಪ್ಪುಗಳ ಒಳಗೆ ಗುರುತು ಹಾಕಿ, ಮುಳುಗುಗಾರರಿಗೆ ಹೇಳದೆ, ಒಂದು ಕಟ್ಟೆಯ ನೀರೊಳಗಿನ ಗೋಡೆಗೆ ಅಂಟಿಸಿದೆವು. ಆಮೇಲೆ ಅವರನ್ನು ಹುಡುಕಲು ಇಳಿಸಿದೆವು. ಅನುಭವಿಗಳು, ಶ್ರದ್ಧೆಯವರು. ತಂದದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅವರಲ್ಲೊಬ್ಬ ಹುಡುಗ ಎರಡು ದಿನ ಸರಿಯಾಗಿ ಮಾತಾಡಲಿಲ್ಲ, ಅಷ್ಟು ನೊಂದುಕೊಂಡ. ನೊಂದುಕೊಳ್ಳುವಂಥದ್ದು ಏನೂ ಇರಲಿಲ್ಲ. ಕಲಕಿದ ನೀರಿನಲ್ಲಿ ಉಗುರಿನಷ್ಟು ದೊಡ್ಡ ಚಿಪ್ಪು ಹುಡುಕುವುದು ಹಾಗೇ ಇರುತ್ತದೆ. ಅವತ್ತಿನಿಂದ ಆ ತಂಡದ ವರದಿಯ ಮೇಲೆ ನನಗೆ ನಂಬಿಕೆ ಹೆಚ್ಚಾಯಿತು. ಎಷ್ಟು ತಪ್ಪಿಹೋಗುತ್ತದೆ ಎಂದು ಅವರಿಗೆ ಈಗ ಗೊತ್ತಿದೆ.

ದೊಡ್ಡ ದೊಡ್ಡ ಪ್ರಯೋಗಶಾಲೆಗಳಿಗೂ ಇದು ತಪ್ಪಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮೆಂಡೋಟಾ ಎಂಬ ಸರೋವರವಿದೆ. ಅದರ ದಡದಲ್ಲೇ ವಿಶ್ವವಿದ್ಯಾಲಯ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ವಿಜ್ಞಾನಿಗಳು ಅದರ ನೀರನ್ನು ಅಳೆಯುತ್ತಾ ಬಂದಿದ್ದಾರೆ. 2009ರಲ್ಲಿ ಅಲ್ಲಿ ಮುಳ್ಳುಬಾಲದ ನೀರುಚಿಗಟ ಎಂಬ ಹೊರಗಿನ ಪುಟ್ಟ ಜಲಜೀವಿ ಭಾರೀ ಸಂಖ್ಯೆಯಲ್ಲಿ ಕಂಡಿತು. ಹೊಸದಾಗಿ ಬಂತು ಎಂದೇ ಎಲ್ಲರೂ ಅಂದುಕೊಂಡರು. ಆಮೇಲೆ ತಳದ ಕೆಸರನ್ನು ಪದರ ಪದರವಾಗಿ ತೆಗೆದು ನೋಡಿದರು. ಈ ಚಿಗಟದ ಬಾಲದ ಮುಳ್ಳು ಕೆಸರಿನಲ್ಲಿ ಹಾಗೇ ಉಳಿಯುತ್ತದೆ. 2009ಕ್ಕೆ ಹತ್ತು ವರ್ಷಕ್ಕೂ ಹಿಂದಿನ ಪದರಗಳಲ್ಲೇ ಮುಳ್ಳುಗಳಿದ್ದವು. ಅಷ್ಟು ವರ್ಷ ಅದು ಯಾರ ಬಲೆಗೂ ಸಿಗದಷ್ಟು ವಿರಳವಾಗಿ ಅಲ್ಲೇ ಬದುಕಿತ್ತು. 2009ರ ಬೇಸಿಗೆ ಎಂದಿಗಿಂತ ತಂಪಾಗಿತ್ತು, ಅದಕ್ಕೆ ಹಿತವಾಯಿತು, ಒಮ್ಮೆಲೇ ಎದ್ದಿತು. ಪಾಚಿ ತಿಂದು ನೀರನ್ನು ತಿಳಿಯಾಗಿಡುತ್ತಿದ್ದ ಡ್ಯಾಫ್ನಿಯಾ ಎಂಬ ಸ್ಥಳೀಯ ಚಿಗಟಗಳನ್ನು ಇದು ತಿಂದುಹಾಕಿತು. ಆಮೇಲಿನ ವರ್ಷಗಳಲ್ಲಿ ನೀರಿನೊಳಗೆ ಕಣ್ಣಿಗೆ ಕಾಣುವ ಆಳ ಸುಮಾರು ಒಂದು ಮೀಟರ್ ಕಡಿಮೆಯಾಯಿತು. ಜಗತ್ತಿನಲ್ಲೇ ಅತಿ ಹೆಚ್ಚು ಅಧ್ಯಯನವಾದ ಸರೋವರಗಳಲ್ಲಿ ಒಂದರ ಕಥೆ ಇದು. ವರ್ಷಕ್ಕೊಮ್ಮೆ ಆರು ಬಾಟಲಿ ತುಂಬುವ ನಮ್ಮಂಥವರು ‘ಮುಕ್ತ’ ಎಂದು ಹೇಗೆ ಬರೆಯುವುದು?

‘ಈಗ ಇಡಿಎನ್‌ಎ ಪರೀಕ್ಷೆ ಬಂದಿದೆಯಲ್ಲ, ಅದು ಮಾಡಿದರೆ ಸಾಕಲ್ವಾ’ ಎನ್ನುವವರೂ ಇದ್ದಾರೆ. ಜೀವಿಗಳು ನೀರಿಗೆ ಬಿಟ್ಟ ಡಿಎನ್‌ಎ ತುಣುಕನ್ನು ಸೋಸಿ ಹುಡುಕುವ ವಿಧಾನ ಅದು. 2008ರಲ್ಲಿ ಫ್ರಾನ್ಸಿನ ಕೊಳಗಳ ನೀರಿನಿಂದಲೇ ಅಮೆರಿಕನ್ ಬುಲ್‌ಫ್ರಾಗ್ ಕಪ್ಪೆಯನ್ನು ಪತ್ತೆ ಮಾಡಿದ ಮೇಲೆ ಇದು ಬಹಳ ಬೆಳೆದಿದೆ. ನನಗೂ ಇದರ ಮೇಲೆ ಪ್ರೀತಿ ಇದೆ, ನಿತ್ಯ ಬಳಸುತ್ತೇನೆ. ಆದರೆ ಕೊಳೆತ ಎಲೆಯಿಂದ ಚಹಾದ ಬಣ್ಣಕ್ಕೆ ತಿರುಗಿದ ನೀರಿನಲ್ಲಿ, ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸಿ ಪತ್ತೆಹಚ್ಚುವ ಪಿಸಿಆರ್ ಕ್ರಿಯೆಗೇ ತಡೆ ಬೀಳುತ್ತದೆ. ಆಗ ಬರುವ ಸೊನ್ನೆ ಜೀವಿಯ ಬಗ್ಗೆ ಏನೂ ಹೇಳುವುದಿಲ್ಲ. ಉಲ್ಟಾ ತಪ್ಪೂ ಇದೆ: ಬೇರೆ ಕೆರೆಯಲ್ಲಿ ಓಡಾಡಿದ ದೋಣಿಯ ತಳ, ಮೀನು ತಿಂದ ಹಕ್ಕಿಯ ಹಿಕ್ಕೆ ಕೂಡ ಡಿಎನ್‌ಎ ತಂದು ಹಾಕಬಹುದು. ಹಾಗಾಗಿ ಒಂದೇ ಒಂದು ‘ಪಾಸಿಟಿವ್’ ನೋಡಿ ಗಾಬರಿಯಾಗಬೇಡಿ, ಮತ್ತೆ ಪರೀಕ್ಷಿಸಿ.

‘ಇಲ್ಲ’ ಎಂದು ಗಟ್ಟಿಯಾಗಿ ಹೇಳಿದ ಉದಾಹರಣೆಗಳೂ ಇವೆ. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ 2000ದಲ್ಲಿ ಕಾಲರ್ಪಾ ಟ್ಯಾಕ್ಸಿಫೋಲಿಯಾ ಎಂಬ ಕಡಲಪಾಚಿ ಸಿಕ್ಕಿತು. ಟಾರ್ಪಾಲು ಹೊದಿಸಿ, ಅಡಿಗೆ ಕ್ಲೋರಿನ್ ಬಿಟ್ಟು ಕೊಂದರು. 2002ರ ನಂತರ ಅದು ಕಾಣಲಿಲ್ಲ. ಆದರೂ ಹುಡುಕುವುದು ಬಿಡಲಿಲ್ಲ. ನಿರ್ಮೂಲವಾಯಿತು ಎಂದು ಘೋಷಿಸಿದ್ದು 2006ರಲ್ಲಿ. ಆ ನಾಲ್ಕು ವರ್ಷಗಳ ಬೆಲೆ ನನ್ನ ಗಿರಾಕಿಗಳಿಗೆ ಅರ್ಥವಾಗಬೇಕೆಂದು ನನ್ನ ಆಸೆ. ಆಸ್ಟ್ರೇಲಿಯಾದ ಡಾರ್ವಿನ್ ಬಂದರಿನದು ಇನ್ನೊಂದು ಬಗೆ. 1999ರಲ್ಲಿ ಅಲ್ಲಿ ಕಪ್ಪುಪಟ್ಟೆಯ ಕಪ್ಪೆಚಿಪ್ಪು ಸಾವಿರಗಟ್ಟಲೆ ಕಂಡಿತು. ಸುಮಾರು ಆರು ತಿಂಗಳ ಹಿಂದಿನ ಸಮೀಕ್ಷೆಯಲ್ಲಿ ಒಂದೂ ಇರಲಿಲ್ಲ. ದೋಣಿ ನಿಲ್ಲುವ ಮೂರು ಕಟ್ಟೆಗಳನ್ನು ಮುಚ್ಚಿ, ಕ್ಲೋರಿನ್ ಮತ್ತು ಮೈಲುತುತ್ತ ಹಾಕಿ ಕೆಲವೇ ವಾರಗಳಲ್ಲಿ ಅದನ್ನು ತೆಗೆದುಹಾಕಿದರು. ಸಮೀಕ್ಷೆಯಲ್ಲಿ ಸಿಗಲಿಲ್ಲವಲ್ಲ ಎಂದು ಸುಮ್ಮನಾಗದೆ ಮತ್ತೆ ನೀರಿಗಿಳಿದು ನೋಡಿದ್ದರಿಂದ ಅದು ಸಾಧ್ಯವಾಯಿತು.

ಈಗೀಗ ನನ್ನ ವರದಿಯ ಮೊದಲ ಪುಟದಲ್ಲೇ ಬರೆಯುತ್ತೇನೆ: ಎಷ್ಟು ಹುಡುಕಿದೆವು, ಇದ್ದಿದ್ದರೆ ಸಿಗುವ ಸಾಧ್ಯತೆ ಎಷ್ಟಿತ್ತು, ಈ ಮಾತು ಯಾವ ತಿಂಗಳವರೆಗೆ ನಿಲ್ಲುತ್ತದೆ. ಇದು ನಿಂತ ನೀರಿಗೆ ಹೊಂದುವ ಕ್ರಮ. ಹರಿಯುವ ನದಿಗೆ, ಕಡಲಿಗೆ ಲೆಕ್ಕ ಬೇರೆ ಮಾಡಬೇಕಾಗುತ್ತದೆ.

ಫೋನ್ ಬಂದ ವಾರವೇ ಆ ಜಲಾಶಯಕ್ಕೆ ಹೋಗಿದ್ದೆ. ಪಂಪ್ ಆಪರೇಟರ್ ಒಬ್ಬರು, ವಯಸ್ಸಾದವರು, ಹಿಂಜರಿಯುತ್ತಲೇ ಒಂದು ಗಾಜಿನ ಶೀಸೆ ತಂದು ಕೊಟ್ಟರು. ಒಳಗೆ ಪಟ್ಟೆಪಟ್ಟೆಯ ನಾಲ್ಕು ಚಿಪ್ಪು. ಅಂಟಿಸಿದ ಚೀಟಿಯಲ್ಲಿ ಎಂಟು ತಿಂಗಳ ಹಿಂದಿನ ದಿನಾಂಕ. ಜಾಲರಿ ತೊಳೆಯುವಾಗ ಸಿಕ್ಕಿತ್ತಂತೆ. ಆಗಲೇ ಯಾರಿಗಾದರೂ ಯಾಕೆ ತೋರಿಸಲಿಲ್ಲ ಎಂದು ಕೇಳಿದೆ.

‘ಬೋರ್ಡಲ್ಲಿ ಇಲ್ಲ ಅಂತ ಬರೆದಿದ್ರಲ್ಲ, ಅದಕ್ಕೆ ಬೇರೆ ಏನೋ ಇರಬೇಕು ಅಂದ್ಕೊಂಡೆ’ ಎಂದರು.